ಮೂರು ಗಂಟೆಯ ಕಾವು

19 ಅಕ್ಟೋಬರ್ 2008, ಭಾನುವಾರ

…ಇಷ್ಟು ಸಾಲದು ಅಂತ ಕರೆಂಟೂ ಹೋಯಿತು. ಅರ್ಧ ಕಲಸಿದ ಹಿಟ್ಟನ್ನು ಮಿಷನ್ನಿನಿಂದ ಬಗೆದು ತೆಗೆದು, ಮೇಜಿನ ಮೇಲೆ ಹಾಕಿ ಕೈಯಲ್ಲೇ ನಾದಿದೆ. ಬನ್ನುಗಳು ಉಬ್ಬಲಿಲ್ಲ. ಮುನಿಸಿಕೊಂಡ ಮುಖಗಳ ಹಾಗೆ ಚಪ್ಪಟೆಯಾಗಿ ಭಟ್ಟಿಯಿಂದ ಹೊರಗೆ ಬಂದವು. ಬೆಳಿಗ್ಗೆ ಮೊದಲು ಬಂದ ಗಿರಾಕಿಗೆ ಬ್ರೆಡ್ಡು ಕೊಡಲಾ ಅಂತ ಕೇಳಿದೆ. "ಯಾಕಪಾ, ನಮ್ಮ ಮನ್ಯಾಗ ಯಾರೂ ಜಡ್ಡ ಬಿದ್ದಿಲ್ಲಲ್ಲ?" ಅಂದ. ಈ ಸವದತ್ತಿಯಲ್ಲಿ ಬ್ರೆಡ್ಡು ಅಂದರೆ ಔಷಧಿ ಅಂಗಡಿಯ ಸಾಮಾನು. ಜ್ವರ ಬರುವವರೆಗೆ ಕಾಯಬೇಕು.

ಮಧ್ಯಾಹ್ನ ಮೂರಕ್ಕೆ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದರೆ ಒಬ್ಬಳು ಅಜ್ಜಿ ಹಿತ್ತಲ ಬಾಗಿಲಿಂದ ಸೀದಾ ಭಟ್ಟಿಯ ಹತ್ತಿರವೇ ಬಂದುಬಿಟ್ಟಳು. ತನ್ನದೇ ಮನೆಗೆ ಬಂದ ಹಾಗೆ. ಕಂಕುಳಲ್ಲಿ ಒಂದು ತಗಡಿನ ಡಬ್ಬಿ.

"ತಮ್ಮಾ, ಭಟ್ಟಿ ಇನ್ನ ಕಾವ ಐತೇನು?"

"ಇದೆ. ಯಾಕಜ್ಜಿ?"

"ಯಾಕಂದ್ರ? ದೀಪಾವಳಿ ಬಂತಲ್ಲ. ಬಿಸ್ಕೀಟ ಮಾಡಿ ಕೊಡು. ಹಿಟ್ಟು ನಂದು, ಸಕ್ಕರಿ ನಂದು, ತುಪ್ಪ ನಂದು. ನಿಂದೇನ ಹೋಕ್ಕೈತಿ, ಕಾವಷ್ಟ."

ಹೊರಗಿನ ಹಿಟ್ಟು ಒಳಗೆ ಬಿಡುವುದಿಲ್ಲ ಅಂದೆ. ಅದು ನಮ್ಮ ಹಾಸನದ ಕಡೆಯ ಬೇಕರಿಗಳ ನೇಮ. ಯಾರದೋ ಹಿಟ್ಟಿನಲ್ಲಿ ಹುಳ ಇದ್ದರೆ ನಮ್ಮ ಮೂಟೆಗೂ ಹತ್ತುತ್ತದೆ. ಚನ್ನರಾಯಪಟ್ಟಣದಲ್ಲಾಗಲಿ ದಾವಣಗೆರೆಯಲ್ಲಾಗಲಿ ಡಬ್ಬಿ ಹಿಡಿದುಕೊಂಡು ಯಾರೂ ಬಂದದ್ದನ್ನು ನಾನು ನೋಡಿಲ್ಲ. ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗುತ್ತಿತ್ತು. "ಬಿಸ್ಕತ್ತು ಬೇಕಿದ್ದರೆ ಕೌಂಟರಿನಲ್ಲಿದೆ, ಕಾಲು ಕೆಜಿ ಕಟ್ಟಿಕೊಡಲಾ?" ಅಂತಲೂ ಕೇಳಿದೆ.

ಅಜ್ಜಿ ನನ್ನ ಮುಖ ನೋಡಿದಳು. "ಕೊಂಡ ತಿನ್ನಾಕ ಬಂದಿಲ್ಲಪಾ ನಾ" ಅಂದು ತಿರುಗಿದಳು. ಅವಳ ಹಿಂದೆ ಇನ್ನೂ ಮೂವರು ಹೆಂಗಸರು ಡಬ್ಬಿ ಹಿಡಿದು ನಿಂತಿದ್ದರು. ಅವರೂ ತಿರುಗಿದರು.

ಪೂನಾದಿಂದ ಪುಟ್ಟಸ್ವಾಮಿ ಮಿಸ್ ಕಾಲ್ ಕೊಟ್ಟಿದ್ದ. ನಮ್ಮೂರಿನವನು, ಅಲ್ಲಿ ದೊಡ್ಡ ಬೇಕರಿಯಲ್ಲಿದ್ದಾನೆ. ಸಂಕ್ರಾಂತಿ ಹೊತ್ತಿಗೆ ಒಂದು ಜಾಗ ಖಾಲಿಯಾಗಬಹುದಂತೆ. ಅಲ್ಲಿ ಎಲ್ಲಾ ಮಿಷನ್ನಂತೆ, ಗ್ಯಾಸಿನ ಭಟ್ಟಿಯಂತೆ. ಹೋಗುತ್ತೇನೆ. ನಾಲ್ಕು ವರ್ಷದಲ್ಲಿ ಇದು ನನ್ನ ಮೂರನೆಯ ಊರು. ನಾಲ್ಕನೆಯದಕ್ಕೆ ಏನು ಕಷ್ಟ?

ಈ ಚೈನಾ ಫೋನಿನಲ್ಲಿ ಮಾತು ತುಂಬಿಡಬಹುದು ಅನ್ನುವುದೊಂದೇ ಸುಖ. ಹಿಟ್ಟು ನಾದಿದ ಕೈ ಪೆನ್ನು ಹಿಡಿಯುವುದಿಲ್ಲ.

21 ಅಕ್ಟೋಬರ್, ಮಂಗಳವಾರ

ಆ ಅಜ್ಜಿಯ ಹೆಸರು ರಾಚವ್ವ. ನಮ್ಮ ಬೇಕರಿ ಇರುವ ಕಟ್ಟಡದ ಮಾಲೀಕರು ಅಡತಿ ಅಂಗಡಿ ಕಾಡಪ್ಪನವರು. ರಾಚವ್ವ ಅವರ ತಾಯಿ.

ಇದನ್ನು ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತಾ?

ಬೆಳಿಗ್ಗೆ ಕಾಡಪ್ಪನವರೇ ಬಂದರು. ನಮ್ಮ ಓನರು ಜವರಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಂತು ಕುರ್ಚಿ ಒರೆಸಿದ. ಅವರು ಕೂರಲಿಲ್ಲ.

"ಜವರಪ್ಪ, ನಮ್ಮವ್ವನ ಡಬ್ಬಿ ಹೊಳ್ಳಿ ಕಳಿಸೀರಂತ?"

"ಅಯ್ಯೋ ಸಾವ್ಕಾರ್ರೇ, ಹುಡ್ಗನಿಗೆ ಗೊತ್ತಾಗ್ನಿಲ್ಲ…"

"ಅದು ಇರಲಿ. ನಿಮ್ಮ ಬೋರ್ಡಿನ ಮ್ಯಾಲೆ ಅಯ್ಯಂಗಾರ ಅಂತ ಐತಿ, ಒಳಗ ಒಬ್ಬ ಅಯ್ಯಂಗಾರೂ ಇಲ್ಲ. ಅದೂ ಇರಲಿ. ಒಬ್ಬ ಸವದತ್ತಿಯವನರ ಬ್ಯಾಡೇನು?"

ಅವರ ಹಿಂದೆ ನಿಂತಿದ್ದವನು ಅವರ ಅಣ್ಣನ ಮಗ ಸಂಜು. ಬಿ.ಎ. ಮುಗಿಸಿ ಎರಡು ವರ್ಷದಿಂದ ಖಾಲಿ. ಅಡತಿಯಲ್ಲಿ ಕಾಡಪ್ಪನವರ ಇಬ್ಬರು ಮಕ್ಕಳಿಗೇ ಕೂರಲು ಜಾಗವಿಲ್ಲವಂತೆ. ಅವನೂ ಅವನ ಗೆಳೆಯರೂ ದಿನಾ ನಮ್ಮ ಎದುರಿನ ಕಟ್ಟೆಯ ಮೇಲೆ ಪೇಪರು ಹಂಚಿಕೊಂಡು ಓದುತ್ತಾರೆ. ನಿನ್ನೆಯಿಂದ ಮುಂಬಯಿಯಲ್ಲಿ ಹೊರಗಿನ ಹುಡುಗರನ್ನು ಹೊಡೆದು ಓಡಿಸಿದ ಸುದ್ದಿ. ನನಗೆ ಕೇಳಲಿ ಅಂತಲೇ ಗಟ್ಟಿಯಾಗಿ ಓದುತ್ತಿದ್ದರು.

ಕಾಡಪ್ಪನವರ ಮಾತು ಇಷ್ಟು. ಸಂಜುವಿಗೆ ಭಟ್ಟಿ ಕೆಲಸ ಕಲಿಸಬೇಕು. ಇಲ್ಲವಾದರೆ ಅಂಗಡಿಯ ಕರಾರು ಜನವರಿಯಲ್ಲಿ, ಎಲ್ಲಮ್ಮನ ಜಾತ್ರೆಯ ಬನದ ಹುಣ್ಣಿಮೆಗೆ ಮುಗಿಯುತ್ತದೆ, ಮುಂದಕ್ಕೆ ಬರೆದುಕೊಡುವುದಿಲ್ಲ.

22 ಅಕ್ಟೋಬರ್

ಜವರಣ್ಣ ನನ್ನನ್ನು ಮೂಟೆಗಳ ಮರೆಗೆ ಕರೆದ. "ನೋಡ್ಲಾ ಕೆಂಪ್ರಾಜು, ನಾನು ಮುಚ್ಚಿಡಾಕಿಲ್ಲ. ಭಟ್ಟಿಗೆ ಇಬ್ರುಗೆ ಸಂಬಳ ಕೊಡೋ ಯಾಪಾರ ನಮ್ದಲ್ಲ. ಅವನಿಗೆ ಕಲ್ಸು. ಬನದ ಹುಣ್ಣಿಮೆ ರಶ್ಶು ಮುಗೀಲಿ, ಆಮ್ಯಾಕೆ ಒಬ್ರೇ."

ಒಬ್ಬರು ಅಂದರೆ ಯಾರು? ಕಟ್ಟಡ ಯಾರದ್ದು ಅಂತ ಗೊತ್ತಿರುವವನು ಅದನ್ನು ಕೇಳಬೇಕಾಗಿಲ್ಲ.

ಹೇಗೂ ಪೂನಾಕ್ಕೆ ಹೋಗುವವನು ನಾನು. ಆದರೂ ಊಟ ಸೇರಲಿಲ್ಲ. ನಾನಾಗಿ ಬಿಟ್ಟು ಹೋಗುವುದು ಬೇರೆ. ನನ್ನ ಜಾಗಕ್ಕೆ ಬರುವವನಿಗೆ ನಾನೇ ಹಿಟ್ಟಿನ ಉಬ್ಬು, ಭಟ್ಟಿಯ ಹದ ಎಲ್ಲಾ ಕಲಿಸಿ ಹೋಗುವುದು ಬೇರೆ.

ಕಲಿಸುತ್ತೇನೆ. ಟ್ರೇ ತಿಕ್ಕುವುದನ್ನು.

23 ಅಕ್ಟೋಬರ್, ಗುರುವಾರ

ಬೆಳಗಿನ ಜಾವ ಮೂರಕ್ಕೆ ಬಾ ಅಂದಿದ್ದೆ. ಐದೂವರೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು.

"ಪೆನ್ ಯಾಕೆ?"

"ಸಹಿ ಮಾಡೂದಿರತೈತೇನೋ ಅಂತ."

ಮೂವತ್ತು ಟ್ರೇ ಮುಂದಿಟ್ಟೆ. ತಿಕ್ಕಿದ. ಬಾಯಿ ಮಾತ್ರ ನಿಲ್ಲಲಿಲ್ಲ. "ಏ ಹಾಸನ್ಯಾ, ಈ ಊರಾಗ ಆರು ಬೇಕರಿ ಅದಾವು. ಒಂದರಾಗರ ನಮ್ಮ ಹುಡುಗ್ರು ಅದಾರೇನು? ನೀವು ನಿಮ್ಮ ಊರಿಗೆ ಫೋನ್ ಹಚ್ಚತೀರಿ, ಮರುದಿನ ಬಸ್ಸಿಗೆ ಮತ್ತೊಬ್ಬ ಇಳೀತಾನ."

"ನಿಮ್ಮೋರು ಮೂರಕ್ಕೆ ಏಳಲ್ಲ."

"ಎಬ್ಬಿಸಿದೇನು ಯಾವತ್ತರ?"

ಅದು ನಿಜ. ಆದರೂ ಅವನು ಅಂದದ್ದಕ್ಕೆ ಸಿಟ್ಟು ಬಂತು. ಭಟ್ಟಿಯಿಂದ ಟ್ರೇ ಎಳೆ ಅಂದೆ. ಬಟ್ಟೆ ಹಿಡಿಯದೆ ಎಳೆಯಲು ಹೋದ. ನಾನು ಕೂಗಿ ಕೈ ಹಿಡಿಯುವಷ್ಟರಲ್ಲಿ ಭಟ್ಟಿಯ ಬಾಯಿ ತಾಗಿ ಮೊಣಕೈ ಹತ್ತಿರ ಬರೆ ಬಿದ್ದಿತ್ತು. ಅವನು ಬೈಯಲಿಲ್ಲ. ನನ್ನ ಮುಂಗೈ ಮೇಲಿನ ಹಳೆಯ ಬರೆಗಳನ್ನು ನೋಡಿ, "ಇವು ಎಷ್ಟ ದಿನಕ್ಕ ಕರ್ರಗ ಆಗ್ತಾವು?" ಅಂತ ಕೇಳಿದ.

24 ಅಕ್ಟೋಬರ್

ಅವನು ಮೂರಕ್ಕೇ ಬಂದ. ಹಳೆಯ ಬನಿಯನ್ನು ಹಾಕಿಕೊಂಡು.

25 ಅಕ್ಟೋಬರ್, ಶನಿವಾರ

ಸಂಜು ಹತ್ತು ಗಂಟೆಗೆ ಎರಡು ಬ್ರೆಡ್ಡು ಕೇಳಿದ. ಯಾರಿಗೆ ಹುಷಾರಿಲ್ಲ ಅಂತ ನಾನೇ ಕೇಳಿದೆ ನೋಡು! ಈ ಊರಿನವರ ಹಾಗೆ. ಅವನ ಆಯಿಗಂತೆ, ಅಂದರೆ ರಾಚವ್ವನಿಗೆ. "ಕೊಟ್ಟರ ತಿನ್ನಂಗಿಲ್ಲ, ನಿಮ್ಮ ಬೇಕರಿದು ಅಂದ್ರ ಒಗದಬಿಡ್ತಾಳ" ಅಂದ. ಅದಕ್ಕೇ ನಾನೇ ತೆಗೆದುಕೊಂಡು ಹೋದೆ. ಕರಾರಿನ ವಿಷಯ ಏನಾದರೂ ಸರಿಹೋಗಬಹುದು ಅನ್ನುವ ಆಸೆಯೂ ಇತ್ತು. ಫೋನಿಗೆ ಸುಳ್ಳು ಹೇಳಿ ಏನಾಗಬೇಕು?

ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಪಕ್ಕದ ಗೋಡೆಯ ಗೂಡಿನಲ್ಲಿ ಅದೇ ಡಬ್ಬಿ. ಮುಚ್ಚಳಕ್ಕೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ.

"ಜ್ವರ ಬಂದ್ರಷ್ಟ ನೆನಪಾಗತೈತಿ ನಿನ್ನ ಬ್ರೆಡ್ಡ" ಅಂದಳು. "ಕುಂಡ್ರು."

ಕೂತೆ. ಮೊದಲು ಈ ಊರಿನಲ್ಲಿ ಒಂದೇ ಭಟ್ಟಿ ಇತ್ತಂತೆ. ಹಬ್ಬ ಬಂದರೆ ಓಣಿಯ ಹೆಂಗಸರೆಲ್ಲ ಡಬ್ಬಿ ಒಯ್ದು ಭಟ್ಟಿಯ ಮುಂದೆಯೇ ಕೂತು ಬಿಸ್ಕೀಟ ಮಾಡಿಸುತ್ತಿದ್ದರಂತೆ. ಭಟ್ಟಿಯವನು ಸತ್ತ, ಮಕ್ಕಳು ಗೋವಾಕ್ಕೆ ಹೋದರು, ಭಟ್ಟಿ ಬಿದ್ದುಹೋಯಿತು. ನಮ್ಮ ಬೇಕರಿ ಬಂದಾಗ ಎಲ್ಲಕ್ಕಿಂತ ಹೆಚ್ಚು ಹಿಗ್ಗಿದವಳು ತಾನೇ ಅಂದಳು.

"ಮನೆಯಲ್ಲೇ ಬೇರೆ ಏನಾದರೂ ಮಾಡಬಹುದಿತ್ತಲ್ಲಜ್ಜಿ. ಚಕ್ಕುಲಿ, ಉಂಡೆ."

"ಅವೂ ಮಾಡೇನಿ. ಶ್ರೀಶೈಲ ಬಿಸ್ಕೀಟ ಬೇಡ್ಯಾನ. ಸಂಜೂನ ಅಣ್ಣ. ಗೋವಾದಾಗ, ಮಡಗಾಂವದ ಗ್ಯಾರೇಜಿನ್ಯಾಗ ಅದಾನ. ಇಲ್ಲೆ ಕೆಲಸ ಸಿಗಲಿಲ್ಲ, ಹ್ವಾದ. ವರ್ಷಾ ದೀಪಾವಳಿಗೆ ಬರ್ತಿದ್ದ, ಈ ವರ್ಷ ರಜಾ ಕೊಡ್ಲಿಲ್ಲಂತ. ಡಬ್ಬಿನರ ಕಳಸು ಆಯಿ ಅಂದಾನ." ಕಂಬಳಿ ಸರಿಮಾಡಿಕೊಂಡಳು. "ಅಲ್ಲೆ ಅವ್ನ ಘಾಟಿ, ಘಟ್ಟದ ಮ್ಯಾಲಿನಾವ ಅಂತಾರಂತ. ನಮ್ಮ ಕೆಲಸ ತಿನ್ನಾಕ ಬಂದೀರಿ ಅಂತಾರಂತ. ಇಲ್ಲೆ ಸಂಜು ನಿನಗ ಏನಂತಾನ?"

"ಹಾಸನ್ಯಾ ಅಂತಾನೆ."

ಅವಳಿಗೆ ನಗು ಬಂತು, ನಗುವಿನ ಜೊತೆ ಕೆಮ್ಮೂ ಬಂತು. "ಅವರವ್ವನ್, ಇವನ್ನ ಗೋವಾಕ್ಕ ಕಳಿಸಿ ಅವನ್ನ ಇಲ್ಲೆ ಕರೀಬೇಕಾಗಿತ್ತ ನಾ."

ಹೊರಡುವಾಗ ಗೂಡಿನಿಂದ ಡಬ್ಬಿ ಇಳಿಸಿಕೊಂಡೆ. ಬಾಗಿಲ ತನಕ ಬಂದಾಗ ಹಿಂದಿನಿಂದ, "ಸೋಡಾ ಭಾಳ ಹಾಕಬ್ಯಾಡ" ಅಂದಳು.

26 ಅಕ್ಟೋಬರ್, ಭಾನುವಾರ

ನಮ್ಮ ಭಟ್ಟಿಗೆ ಬೆಳಗಿನ ಜಾವ ಸೌದೆ ಹಾಕಿ, ಕೆಂಡ ಎಳೆದು ಹಾಕಿದ ಮೇಲೆ ಬ್ರೆಡ್ಡು, ಆಮೇಲೆ ಬನ್ನು, ಹನ್ನೊಂದರ ಸುಮಾರಿಗೆ ಕೇಕು. ಅಲ್ಲಿಗೆ ಮುಗಿಯಿತು. ಉಳಿದ ಕಾವು ಇಟ್ಟಿಗೆಯಲ್ಲೇ ಆರಿ ಹೋಗುತ್ತದೆ. ರಾಚವ್ವನ ಹಿಟ್ಟನ್ನು ನಾನು ಕೇಕಿನ ಹಿಂದೆಯೇ ನುಗ್ಗಿಸಿದೆ. ಮೊದಲ ಟ್ರೇ ಮೇಲೆ ಕರಕಲು, ಒಳಗೆ ಹಸಿ.

ಸಂಜು ತಟ್ಟೆ ನೋಡಿದ. "ಆಯಿ ಮೂರಕ್ಕ ಬಂದಿದ್ಲಲ್ಲೋ ಅವತ್ತ. ಸುಮ್ನ ಬಂದಿದ್ಲೇನು?"

ಉಳಿದದ್ದನ್ನು ಮುಚ್ಚಿಟ್ಟು ಮೂರರವರೆಗೆ ಕಾದೆವು. ಭಟ್ಟಿಯ ನೆಲದ ಮೇಲೆ ಚಿಟಿಕೆ ಹಿಟ್ಟು ಎರಚಿದೆ. ಕಪ್ಪಾಗಲಿಲ್ಲ. ನಿಧಾನವಾಗಿ ಗೋಧಿ ಬಣ್ಣಕ್ಕೆ ತಿರುಗಿತು. ಟ್ರೇ ಒಳಗೆ ಬಿಟ್ಟು ಬಾಗಿಲು ಹಾಕಿದೆವು. ತುಪ್ಪದ ವಾಸನೆ ಮೊದಲು ಹಿತ್ತಲಿಗೆ ಹೋಯಿತು, ಆಮೇಲೆ ರಸ್ತೆಗೆ. ಕಟ್ಟೆಯ ಮೇಲೆ ಪೇಪರು ಓದುತ್ತಿದ್ದವರು ಓದುವುದು ನಿಲ್ಲಿಸಿದರು.

ಬಾಯಲ್ಲಿಟ್ಟರೆ ತಾನಾಗಿ ಪುಡಿಯಾಗುವ ಬಿಸ್ಕತ್ತು. ಇಂಥದ್ದನ್ನು ನಾನು ಮಾಡಿಲ್ಲ. ಇದನ್ನೂ ನಾನು ಮಾಡಿದೆ ಅನ್ನುವ ಹಾಗಿಲ್ಲ.

ಸಂಜೆ ಗೋವಾ ಬಸ್ಸಿನ ಕಂಡಕ್ಟರ್ ಕೈಗೆ ಡಬ್ಬಿ ಕೊಟ್ಟು ಬಂದೆವು. ಅವನ ಸೀಟಿನ ಕೆಳಗೆ ಆಗಲೇ ಯಾರ್ಯಾರದೋ ಎಂಟು ಹತ್ತು ಗಂಟುಗಳಿದ್ದವು. ಎಲ್ಲದರ ಮೇಲೂ ಒಂದೊಂದು ಹೆಸರು, ಒಂದೊಂದು ಮೊಬೈಲ್ ನಂಬರು. ಎಲ್ಲಾ ಈ ತಾಲೂಕಿನ ಹುಡುಗರಿಗೇ.

27 ಅಕ್ಟೋಬರ್, ಸೋಮವಾರ

ಇವತ್ತಿನದನ್ನು ಹೇಳಿಕೊಳ್ಳದಿದ್ದರೆ ನಿದ್ದೆ ಬರುವುದಿಲ್ಲ.

ವಾಸನೆ ಓಣಿಯನ್ನೆಲ್ಲ ಸುತ್ತಿತ್ತು ಅಂತ ಕಾಣುತ್ತದೆ. ಎರಡು ಗಂಟೆಗೇ ಡಬ್ಬಿಗಳ ಸಾಲು. ಪದ್ಮವ್ವ, ಬಾಯವ್ವ, ಇಂದ್ರವ್ವ, ಅವರ ಹಿಂದೆ ಹೆಸರು ಗೊತ್ತಿಲ್ಲದವರು. ಜವರಣ್ಣ ಮುಖ ಸಣ್ಣದು ಮಾಡಿಕೊಂಡು ಗಲ್ಲಾಪೆಟ್ಟಿಗೆ ಹಿಂದೆ ಅಡಗಿದ. ರಾಚವ್ವ ಜ್ವರ ಬಿಟ್ಟ ಮೈಯಲ್ಲೇ ಬಂದು ಮೈದಾ ಮೂಟೆಯ ಮೇಲೆ ಕೂತಳು.

ಹೆಂಗಸರೇ ಹಿಟ್ಟು ಕಲಸಿ, ಉಂಡೆ ಕಟ್ಟಿ, ಟ್ರೇ ಮೇಲೆ ಇಟ್ಟರು. ಒಬ್ಬೊಬ್ಬರೂ ಉಂಡೆಯ ನೆತ್ತಿಗೆ ಒಂದೊಂದು ಗುರುತು ಒತ್ತಿದರು. ಒಬ್ಬಳು ಬೀಗದ ಕೈಯ ತಲೆ, ಒಬ್ಬಳು ಬಾಚಣಿಗೆಯ ಹಲ್ಲು, ಒಬ್ಬಳು ಬಳೆಯ ಅಂಚು. ಒತ್ತಿ, ಅಂಗಳದಲ್ಲಿ ಹರಟೆಗೆ ಕೂತರು. ಸಂಜು ಸೌದೆ ತರಲು ಹೋಗಿದ್ದ.

ನನ್ನ ಕಣ್ಣಿಗೆ ಆ ಗುರುತುಗಳು ಅಸಹ್ಯವಾಗಿ ಕಂಡವು. ಒಂದು ಸೊಟ್ಟ, ಒಂದು ಆಳ. ಹಬ್ಬದ ಬಿಸ್ಕತ್ತು, ನೋಡಲು ಚೆಂದ ಇರಲಿ ಅಂತ ಎಲ್ಲವನ್ನೂ ಅಂಗೈಯಿಂದ ಸವರಿ ನುಣ್ಣಗೆ ಮಾಡಿದೆ. ಅಂಗಡಿಯದೇ ಗೋಡಂಬಿ ಚೂರು ಒಂದೊಂದು ಒತ್ತಿದೆ. ಪುಕ್ಕಟೆಯಾಗಿ! ಹಾಗೇ ಭಟ್ಟಿಗೆ ಬಿಟ್ಟೆ.

ಸಂಜು ಬಂದು ಟ್ರೇಗಳು ಹೊರಬರುವುದನ್ನು ನೋಡಿ ತಲೆ ಹಿಡಿದುಕೊಂಡ. "ಏ ಹಾಸನ್ಯಾ, ಗುರ್ತು ಎಲ್ಲೋ?"

"ಎಂಥ ಗುರುತು?"

"ಯಾರದು ಯಾವದು ಅಂತ ಗೊತ್ತಾಗೂದು ಹ್ಯಾಂಗಲೇ ಇನ್ನ?"

ನೂರಾರು ಬಿಸ್ಕತ್ತು, ಎಲ್ಲವೂ ಒಂದೇ ಥರ, ಎಲ್ಲದರ ನೆತ್ತಿಯ ಮೇಲೂ ನನ್ನ ಗೋಡಂಬಿ. ಹೆಂಗಸರು ಎದ್ದು ಬಂದರು. ಆಮೇಲೆ ಎಲ್ಲರೂ ಒಟ್ಟಿಗೆ ಶುರು ಮಾಡಿದರು. ನಂದರಾಗ ರವಾ ಇತ್ತು, ನಂದು ಮನಿ ಆಕಳ ತುಪ್ಪ, ನನ್ನ ಅಳಿಯಗ ಕಳಸೂದೈತಿ, ಕಂಡವರ ಹಿಟ್ಟು ನಾ ಯಾಕ ಒಯ್ಯಲಿ! ಮುಂಬಯಿಯವರೆಗೆ ಹೋಗಬೇಕಾಗಿಲ್ಲ, ಇವತ್ತು ಇಲ್ಲೇ ಹೊಡೆತ ಬೀಳುತ್ತದೆ ಅಂದುಕೊಂಡೆ.

ರಾಚವ್ವ ಮೂಟೆಯ ಮೇಲಿಂದ ಕೈ ಎತ್ತಿದಳು. "ಒದರಬ್ಯಾಡ್ರಿ. ಟ್ರೇಕ್ಕೊಂದು ಕೊಡ್ರಿ ಇಲ್ಲೆ."

ಮುರಿದು ನಾಲಿಗೆ ಮೇಲಿಟ್ಟು ಕಣ್ಣು ಮುಚ್ಚಿದಳು. "ಇದು ಬಾಯವ್ವಂದು. ಯಾಲಕ್ಕಿ ಸುರುವಿ ಬಿಟ್ಟಾಳ. ಇದು ಇಂದ್ರಿದು, ಸಕ್ಕರಿ ಜಿಪುಣತನ ಮಾಡ್ಯಾಳ." ಎಲ್ಲರೂ ಒಂದೊಂದು ಮುರಿದು ಬಾಯಿಗಿಟ್ಟು ತಕರಾರು ತೆಗೆಯುತ್ತ, ಒಪ್ಪುತ್ತ, ತಟ್ಟೆಗೆ ಹಾಕುತ್ತ ಹೋದರು. ಕೊನೆಯ ಟ್ರೇ ಪದ್ಮವ್ವನದೇ ಆಗಿರಬೇಕು. ರಾಚವ್ವ ಅಗಿದಳು, ಮತ್ತೆ ಅಗಿದಳು.

"ಪದ್ಮವ್ವಾ, ಆಕಳ ತುಪ್ಪ ಅಂದ್ಯಲ್ಲ?"

"ಹೂಂ, ತುಪ್ಪನ ಮತ್ತ."

"ನಿನ್ನ ಆಕಳು ಡಾಲ್ಡಾ ಹಿಂಡತೈತೇನ?"

ಅಂಗಳ ಬಿದ್ದು ಬಿದ್ದು ನಕ್ಕಿತು. ಪದ್ಮವ್ವ ನನ್ನ ಕಡೆ ಬೆರಳು ಮಾಡಿ, "ಈ ಗೋಡಂಬಿ ಹುಡುಗನ ಸಲುವಾಗಿ ನನ್ನ ಮಾನ ಹೋತು" ಅಂದಳು. ಅವಳಿಗೂ ನಗು ತಡೆಯಲಾಗಲಿಲ್ಲ. ಜವರಣ್ಣ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೊರಗೆ ಬಂದು ಎಲ್ಲರಿಗೂ ಟೀ ತರಿಸಿದ. ಜವರಣ್ಣ ಟೀ ತರಿಸಿದ್ದನ್ನು ನಾನು ಇದೇ ಮೊದಲು ನೋಡಿದ್ದು.

9 ನವೆಂಬರ್

ಸುಸ್ತು. ಎರಡು ಮದುವೆ ಡಬ್ಬಿ, ಒಂದು ಮಿಲಿಟರಿಗೆ ಹೋಗುವ ಡಬ್ಬಿ. ಹಬ್ಬ ಮುಗಿದ ಮೇಲೆ ಜವರಣ್ಣ ಡಬ್ಬಿಗಿಷ್ಟು ಅಂತ ಕೂಲಿ ಇಟ್ಟಿದ್ದಾನೆ. ಮಲಗುತ್ತೇನೆ.

16 ನವೆಂಬರ್, ಭಾನುವಾರ

ಕಟ್ಟೆಯ ಹುಡುಗರಲ್ಲಿ ಪರಸಪ್ಪ ಅನ್ನುವವನೇ ಮುಂದಾಳು. ಇವತ್ತು ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಸಂಜುವನ್ನು ಹೊರಗೆ ಕರೆದ. ನಾನು ಕಿಟಕಿಯಲ್ಲಿದ್ದೆ.

"ಸಂಜ್ಯಾ, ಹೊರಗಿನವರು ಬ್ಯಾಡ ಅಂತ ನಾವಿಲ್ಲೆ ಒದರಾಕತ್ತೇವಿ, ನೀ ಒಳಗ ಕುಂತು ಅವರ ಟ್ರೇ ತಿಕ್ಕಾಕತ್ತೀ?"

"ತಿಕ್ಕಿದ್ರ ಪಗಾರ ಬರತೈತಿ. ಕಟ್ಟಿ ತಿಕ್ಕಿದ್ರ ಚಡ್ಡಿ ಹರೀತೈತಿ."

"ಹಾಸನ್ಯಾನ ಚೇಲಾ ಆಗೀದಿ ನೀ."

"ಅವನ್ನ ಓಡಿಸಿದ್ರ ಮೂರಕ್ಕ ಎದ್ದು ಭಟ್ಟಿ ಹಚ್ಚಾವ್ರು ಯಾರು? ನಿಮ್ಮಪ್ಪ ಬರ್ತಾನೇನು?"

ಆಗ ಪರಸಪ್ಪ ನನ್ನ ಕಡೆಗೇ ತಿರುಗಿದ. ಅವನು ಕೂಗಾಡಲಿಲ್ಲ, ಅದೇ ಕಷ್ಟವಾಯಿತು. "ನಿನ್ನ ಮ್ಯಾಲೆ ಸಿಟ್ಟಿಲ್ಲಪಾ ನನಗ. ನನ್ನ ಕೂಡ ಕಲ್ತವ್ರು ಎಲ್ಲಾ ಗೋವಾ, ಕೊಲ್ಲಾಪುರ, ಪುಣೆ ಅಂತ ಹ್ವಾದ್ರು. ನಮ್ಮ ಊರಾಗ ಕೆಲಸ ಇಲ್ಲ ಅಂತ ನಾವು ಹೊರಗ ಹೋಗೂದು, ಕೆಲಸ ಐತಿ ಅಂತ ನೀವು ಒಳಗ ಬರೂದು. ಇದು ಹ್ಯಾಂಗ, ನೀನ ಹೇಳು."

ನಮ್ಮೂರಿನಲ್ಲಿ ಇದ್ದದ್ದು ಒಂದು ಎಕರೆ, ನಾವು ಮೂವರು ಗಂಡುಮಕ್ಕಳು ಅಂತ ಹೇಳಬಹುದಿತ್ತು. ಅದು ಅವನ ಪ್ರಶ್ನೆಗೆ ಉತ್ತರವಲ್ಲ. ಬಿಸಿ ಖಾರಾ ಬನ್ನು ಐದು ಕೊಟ್ಟೆ. ತಿಂದರು. ಪರಸಪ್ಪ ತಿನ್ನುತ್ತಲೇ, "ಉಪ್ಪು ಕಮ್ಮಿ" ಅಂದ.

ನೋಡಿದೆ. ಕಮ್ಮಿಯೇ ಇತ್ತು.

2 ಡಿಸೆಂಬರ್

ಇವತ್ತು ಮುಂಜಾನೆ ಎದ್ದಾಗ ಬೆಳಕಾಗಿತ್ತು! ಗಾಬರಿಯಿಂದ ಅಟ್ಟ ಇಳಿದು ಓಡಿದರೆ ಬ್ರೆಡ್ಡು ಆಗಲೇ ಹೊರಗೆ ಬಂದು ಜೋಡಿಸಿ ಇಟ್ಟಿದೆ. ಸಂಜು ಬನ್ನಿನ ಟ್ರೇ ಎದುರು ನಿಂತು, ಭಟ್ಟಿಯ ನೆಲಕ್ಕೆ ಚಿಟಿಕೆ ಹಿಟ್ಟು ಎರಚಿ, ಬಣ್ಣ ನೋಡುತ್ತ, "ಇನ್ನ ಸ್ವಲ್ಪ ತಡಿಬೇಕು" ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಇದನ್ನು ಅವನಿಗೆ ನಾನು ಯಾವಾಗ ಹೇಳಿಕೊಟ್ಟೆ? ಹೇಳಿಕೊಡಬಾರದು ಅಂತಲ್ಲವಾ ಇದ್ದದ್ದು?

"ಯಾಕೋ ಎಬ್ಬಿಸಲಿಲ್ಲ?"

"ಮಲಗಿದ್ದಿ. ಗೊರಕಿ ಹೊಡೀತಿದ್ದಿ. ನಿನ್ನಿ ಡಬ್ಬಿ ಭಾಳ ಆಗಿದ್ವಲ್ಲ."

ಬ್ರೆಡ್ಡು ಮುರಿದು ನೋಡಿದೆ. ಚೆನ್ನಾಗಿತ್ತು. ನನಗಾದದ್ದು ಖುಷಿಯಾ, ಹೆದರಿಕೆಯಾ, ಗೊತ್ತಾಗಲಿಲ್ಲ. ಇವನು ಇನ್ನು ಒಬ್ಬನೇ ಭಟ್ಟಿ ನಡೆಸಬಲ್ಲ. ಜವರಣ್ಣನೂ ಆ ಬ್ರೆಡ್ಡನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

27 ಡಿಸೆಂಬರ್, ಎಳ್ಳಮಾಸಿ

ಕಾಡಪ್ಪನವರ ಹೊಲಕ್ಕೆ ಚರಗಕ್ಕೆ ಕರೆದುಕೊಂಡು ಹೋದರು. ಕಪ್ಪು ನೆಲ, ಕಡಲೆ ಹೂವು, ತೆನೆ ಹೊತ್ತ ಬಿಳಿಜೋಳ. ಅನ್ನ, ಕಡುಬು, ಪಲ್ಯ ಎಲ್ಲವನ್ನೂ ಹೊಲದ ನಾಲ್ಕು ಕಡೆಗೂ ಚೆಲ್ಲಿದರು. ಭೂಮಿತಾಯಿಗೆ ಬಯಕೆಯ ಊಟವಂತೆ. ಆಮೇಲೆ ನಮಗೆ. ಸಜ್ಜೆ ರೊಟ್ಟಿಗೆ ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಮೇಲೆ ಕೆನೆ ಮೊಸರು. ರಾಚವ್ವ ಬಡಿಸುತ್ತಲೇ ಇದ್ದಳು, ಬೇಡ ಅಂದರೆ ಎರಡು ಹಾಕುತ್ತಿದ್ದಳು. ಶ್ರೀಶೈಲ ಫೋನು ಮಾಡಿದ್ದನಂತೆ. ಅವನ ರೂಮಿನ ಪಕ್ಕದ ಮನೆಯ ಗೋವಾದ ಮುದುಕಿ, ನೀರಿನ ನಲ್ಲಿಯ ಹತ್ತಿರ ದಿನಾ ಇವನಿಗೆ ಬೈಯುವವಳು, ಎರಡು ಬಿಸ್ಕೀಟ ತಿಂದು, ಮುಂದಿನ ಡಬ್ಬಿ ಯಾವಾಗ ಬರುತ್ತದೆ ಅಂತ ಕೇಳಿದ್ದಾಳೆ. ಬೈಯುವುದನ್ನು ಬಿಟ್ಟಿಲ್ಲ.

ಹೊಲದಲ್ಲೇ ಮಲಗಿ ನಿದ್ದೆ ಹೋದೆ. ಪುಟ್ಟಸ್ವಾಮಿಯ ಎರಡು ಮಿಸ್ ಕಾಲ್ ನೋಡಿದ್ದು ಸಂಜೆ.

11 ಜನವರಿ 2009, ಬನದ ಹುಣ್ಣಿಮೆ

ಮೂರು ದಿನದಿಂದ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು, ನಿಲ್ಲದೆ ಹೋಗುತ್ತಿವೆ. ಟೋಸ್ಟು, ಬನ್ನು ಇಟ್ಟಲ್ಲಿ ನಿಲ್ಲಲಿಲ್ಲ. ಸಂಜು, ನಾನು ಸರದಿಯ ಮೇಲೆ ನಿಂತಲ್ಲೇ ಕಣ್ಣು ಮುಚ್ಚಿದೆವು.

ಇವತ್ತು ಮಧ್ಯಾಹ್ನ ಲೆಕ್ಕ ತೀರಬೇಕಿತ್ತು. ಕಾಡಪ್ಪನವರು ಕರಾರಿನ ಕಾಗದ ತಂದರು. ಜವರಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ನಿಮ್ಮ ಹುಡ್ಗ ಚೆನ್ನಾಗಿ ಕಲ್ತವ್ನೆ ಸಾವ್ಕಾರ್ರೇ. ಇನ್ನು ಅವನೇ ನೋಡ್ಕತಾನೆ. ಕೆಂಪ್ರಾಜು ಪೂನಾಕ್ಕೆ ಹೊಯ್ತಾ ಅವ್ನೆ."

ಪೂನಾ ವಿಷಯ ಅವನಿಗೆ ನಾನು ಹೇಳಿಯೇ ಇರಲಿಲ್ಲ. ಸಂಜುವಿಗೆ ಮಾತ್ರ ಹೇಳಿದ್ದೆ. ನಾನು ಸಂಜುವಿನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಆಮೇಲೆ ಒಮ್ಮೆಲೇ ಮಾತಾಡಿದ.

"ಕಾಕಾ, ನಾ ಒಬ್ಬನ ಮಾಡಂಗಿಲ್ಲ."

"ಯಾಕಲೇ? ಬರಂಗಿಲ್ಲೇನು?"

"ಬರತೈತಿ. ಮುಂಜಾನಿ ಭಟ್ಟಿ ಮಾಡಿದಾವ ಮೂರಕ್ಕ ಡಬ್ಬಿ ಮಾಡಾಕ ಆಗಂಗಿಲ್ಲ. ಸಾಯ್ತಾನ. ಇವಾ ಹೋದ್ರ ಡಬ್ಬಿ ಬಂದ್ ಮಾಡ್ರಿ. ಆಯಿಗೆ ನೀವ ಹೇಳ್ರಿ, ನಾ ಹೇಳಂಗಿಲ್ಲ."

ಆಯಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಮೂಟೆಯ ಮೇಲೆಯೇ ಕೂತಿದ್ದಳು. ಮೂರರ ಡಬ್ಬಿಗಳು ಕಾಲ ಬಳಿ ಸಾಲಾಗಿದ್ದವು. ಒಂದೊಂದರ ಮೇಲೆ ಕೈಯಿಟ್ಟು ಹೇಳತೊಡಗಿದಳು: "ಇದು ಗೋವಾಕ್ಕ. ಇದು ಪುಣ್ಯಾಕ್ಕ, ಬಾಯವ್ವನ ಮಗಗ. ಇದು ರತ್ನಾಗಿರಿಗೆ. ಇದು ಮತ್ತ ಗೋವಾಕ್ಕ. ಕಾಡಪ್ಪಾ, ಊರಾಗ ಹುಡುಗ್ರನ್ನ ಇಟಗೊಳ್ಳಾಕ ಆಗ್ಲಿಲ್ಲ ನಿಮಗ. ಅವರಿಗೆ ಡಬ್ಬಿನರ ಹೋಗ್ಲಿ."

ಕಾಡಪ್ಪನವರು ಕಾಗದ ಬಿಚ್ಚಿ ಮೇಜಿನ ಮೇಲೆ ಹರವಿದರು. "ಜವರಪ್ಪ, ಡಬ್ಬಿ ಬೇಯಿಸಿದ ಕೂಲಿ ಯಾರಿಗೆ ಹೋಕ್ಕೈತಿ?"

"ಗಲ್ಲಾಕ್ಕೆ."

"ಇನ್ನ ಮ್ಯಾಲೆ ಮೂರರ ಭಟ್ಟಿ ಈ ಇಬ್ಬರು ಹುಡುಗ್ರದು. ಆ ಕೂಲಿ ಅವರ ಪಗಾರಕ್ಕ ಸೇರ್ಲಿ, ಉಳದದ್ದು ನೀ ಹಾಕು. ಒಪ್ಪಿದ್ರ ಇಲ್ಲೆ ಸಹಿ ಮಾಡು."

ಜವರಣ್ಣ ಪೆನ್ನಿಗಾಗಿ ಜೇಬು ತಡಕಿದ. ಸಂಜು ತನ್ನ ಪೆನ್ನು ತೆಗೆದುಕೊಟ್ಟ. ಆ ಮೊದಲ ದಿನದ ಪೆನ್ನೇ! "ನೋಡಿದಿ? ಸಹಿ ಮಾಡೂದಿರತೈತಿ ಅಂದಿದ್ನಿಲ್ಲೋ" ಅಂದ ನನಗೆ.

ರಾಚವ್ವ ಮಾತ್ರ ನನ್ನನ್ನು ಕೇಳಿದಳು. "ನೀ ಇರ್ತೀಯೇನಪಾ? ನಿನ್ನ ಯಾರೂ ಕೇಳ್ಲೇ ಇಲ್ಲ."

ಡಬ್ಬಿ ತಣ್ಣಗಾಗುತ್ತದೆ ಅಂತ ಏನೋ ಹೇಳಿ ಭಟ್ಟಿ ಕಡೆ ಹೋದೆ. ಹಸಿ ಹಿಟ್ಟು ತಣ್ಣಗಾಗುವುದು ಎಂಥದು? ಹೋಗುವುದೋ ಇರುವುದೋ ಇನ್ನೂ ಯೋಚನೆ ಮಾಡಬೇಕು.

14 ಜನವರಿ, ಸಂಕ್ರಾಂತಿ

ಪುಟ್ಟಸ್ವಾಮಿ ಇವತ್ತು ಮಿಸ್ ಕಾಲ್ ಅಲ್ಲ, ನಿಜವಾದ ಕಾಲ್ ಮಾಡಿದ. ಜಾಗ ಖಾಲಿಯಾಗಿದೆ, ಸೋಮವಾರದೊಳಗೆ ಬಾ, ಈಗಲೇ ಹೇಳು ಅಂದ. ಸರಿಯಾಗಿ ಮೂರಕ್ಕೆ ಮಾಡಿದ್ದ. ಒಂದು ಕೈಯಲ್ಲಿ ಟ್ರೇ, ಇನ್ನೊಂದು ಕೈ ತುಂಬಾ ತುಪ್ಪ. ಸಂಜು ಫೋನನ್ನು ನನ್ನ ಕಿವಿಗೆ ಹಿಡಿದು ನಿಂತ. ಪರಸಪ್ಪ ಬಾಗಿಲಲ್ಲಿ ನಿಂತು ಚಾ ಕುಡಿಯುತ್ತಿದ್ದ. ಹತ್ತು ದಿನದಿಂದ ಅವನಿಗೂ ಟ್ರೇ ತಿಕ್ಕುವ ಚಟ ಹತ್ತಿದೆ. "ಪುಣ್ಯಾದಾಗ ಜಾಗಾ ಐತೇನು? ನಾ ಹೋಗಲೇನು?" ಅಂತ ಪಿಸುಗುಟ್ಟಿದ. ಸಂಜು ಅವನ ಕಾಲು ತುಳಿದ. ಪುಟ್ಟಸ್ವಾಮಿ "ಹಲೋ, ಹಲೋ" ಅನ್ನುತ್ತಿದ್ದ. ನನಗೆ ಬಿಸ್ಕೀಟಿನ ಬಣ್ಣ ತಿರುಗುವುದು ಕಾಣುತ್ತಿತ್ತು. ಆಮೇಲೆ ಮಾಡು ಅಂದೆ, ಸಂಜು ಕಟ್ ಮಾಡಿದ.

ಇವತ್ತು ನನ್ನ ತಟ್ಟೆಯಲ್ಲೂ ಒಂದಿಷ್ಟು ಉಂಡೆ ಉಳಿದಿದ್ದವು, ನಮ್ಮ ಅಮ್ಮನಿಗೆ ಕಳಿಸಲಿಕ್ಕೆ. ಗುರುತಿಗೆ ಏನು ಒತ್ತುವುದು ಅಂತ ಸುತ್ತ ನೋಡಿದೆ. ಅಟ್ಟದ ಬೀಗದ ಕೈ ಒತ್ತಿದೆ. ಪದ್ಮವ್ವ ನೋಡಿ, "ಬೀಗದ ಕೈ ನಂದೈತಿ, ಬ್ಯಾರೆ ಹುಡಿಕ್ಯೋ" ಅಂದಳು. ಗೋಡಂಬಿ ಇಟ್ಟೆ. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಪುಟ್ಟಸ್ವಾಮಿಗೆ ಬೇಜಾರಾಗಿರಬೇಕು. ಈಗ ಅವನಿಗೆ ಫೋನು ಮಾಡಿದರೆ ಎತ್ತುವುದಿಲ್ಲ, ಮಲಗಿರುತ್ತಾನೆ. ನಾಳೆ ಅವನೇ ಮಾಡುತ್ತಾನೆ. ಏನು ಹೇಳಬೇಕು ಅಂತ ಇಲ್ಲೇ ಒಂದು ಸಲ ಹೇಳಿಕೊಂಡು ನೋಡುತ್ತೇನೆ:

ಪುಟ್ಟಸ್ವಾಮಿ, ತಪ್ಪು ತಿಳ್ಕೋಬೇಡ ಕಣೋ. ಆ ಜಾಗಕ್ಕೆ ಬೇರೆ ಯಾರನ್ನಾದ್ರೂ ನೋಡು. ಇನ್ಮೇಲೆ ಮುಂಜಾನೆ ಫೋನು ಮಾಡಬೇಡ, ಬ್ರೆಡ್ಡು ಇರುತ್ತೆ. ಮೂರಕ್ಕೆ ಮಾತ್ರ ಮಾಡಲೇಬೇಡ, ಇಂದ್ರವ್ವನ ಡಬ್ಬಿ ಐತಿ, ಮಗಳ ಸೀಮಂತದ್ದು. ಐದೂವರೆಗೆ ಗೋವಾ ಬಸ್ಸಿಗೆ ಡಬ್ಬಿ ಹಾಕಿ ಬರತೇನಿ. ಆರಕ್ಕೆ ಮಾಡು. ಆರಕ್ಕೆ ಕೈ ಖಾಲಿ ಇರತೈತಿ.